ಸಹಾಯ ಬೇಕು: ಅತ್ತೆಯ ಅಜ್ಜಿ ಜರ್ಮನಿಯ ಯಾವ ಊರಿನವರು?

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಗಂಡನ ಮನೆಯವರು ಜರ್ಮನ್ ಮೂಲದವರು. ತನ್ನ ಅಜ್ಜಿ ಚಿಕ್ಕ ಹುಡುಗಿಯಾಗಿ ಹಡಗಿನಲ್ಲಿ ಬಂದರು ಅಂತ ಅತ್ತೆಗೆ ಗೊತ್ತು, ಯಾವ ಊರಿಂದ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

1900ರ ಜನಗಣತಿಯಲ್ಲಿ ಸಿಕ್ಕರು. ಆದರೆ ಹುಟ್ಟಿದ ಜಾಗ ಸುಮ್ನೆ ‘ಜರ್ಮನಿ’ ಅಂತಿದೆ, ಬಂದ ವರ್ಷ 1882. 1890ರದ್ದು ನೋಡೋಣವೆಂದರೆ ಅದು ಬಹುಪಾಲು 1921ರ ಬೆಂಕಿಗೆ ಸಿಕ್ಕಿ ಹಾಳಾಗಿದೆ. ಪೌರತ್ವದ ಕಾಗದವೂ ಇಲ್ಲ, ಆಗೆಲ್ಲ ಹೆಂಗಸರಿಗೆ ಅಪ್ಪನ ಅಥವಾ ಗಂಡನ ಲೆಕ್ಕದಲ್ಲೇ ಪೌರತ್ವ ಬರುತ್ತಿತ್ತಲ್ವಾ (ಏನು ನ್ಯಾಯವೋ!). ಜರ್ಮನಿಯ ಹ್ಯಾಂಬರ್ಗ್ ಬಂದರಿನಿಂದ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿಯಲ್ಲಿ ಊರ ಹೆಸರೂ ಇರುತ್ತದೆ, ಅಲ್ಲಿ ಇವರಿಲ್ಲ. ಇನ್ನೊಂದು ಬಂದರು ಬ್ರೆಮೆನ್‌ನಿಂದ ಹೊರಟಿದ್ದರೆ ಆ ಕಾಲದ ಪಟ್ಟಿಗಳೇ ಉಳಿದಿಲ್ಲ.

ಕೊನೆಗೆ ಲೂಥರನ್ ಚರ್ಚಿನ ಮದುವೆ ದಾಖಲೆಯ ಫೋಟೋ ಸಿಕ್ಕಿತು. ‘ಪೊಮೆರೇನಿಯಾ’ (ಆಗಿನ ಜರ್ಮನಿಯ ಒಂದು ಪ್ರಾಂತ್ಯ) ಅಂತ ಓದಲು ಬರುತ್ತದೆ, ಅದರ ಹಿಂದಿನ ಊರ ಹೆಸರು ಮಾತ್ರ ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹದಲ್ಲಿ, ‘ಇ’ ಯಾವುದು ‘ಎನ್’ ಯಾವುದು ತಿಳಿಯುವುದೇ ಇಲ್ಲ, ಬರೀ ಚೂಪು ಗೀಟುಗಳು. ಆ ಸೀಮೆಯ ಹೆಚ್ಚಿನ ಭಾಗ ಈಗ ಪೋಲೆಂಡಿನಲ್ಲಿದೆ, ಊರ ಹೆಸರುಗಳೂ ಬದಲಾಗಿವೆ, ಹಾಗಾಗಿ ಇವತ್ತಿನ ಮ್ಯಾಪ್ ಇಟ್ಟುಕೊಂಡು ಊಹಿಸಲೂ ಆಗುತ್ತಿಲ್ಲ.

ಜರ್ಮನಿಯಲ್ಲಿರುವ ಕನ್ನಡಿಗರು ಯಾರಾದರೂ ಇದ್ದೀರಾ? ಕುರೆಂಟ್ ಓದಲು ಬರುವವರು ನಿಮಗೆ ಗೊತ್ತಿದ್ದಾರಾ? ಇದ್ದರೆ ಹೇಳಿ, ಆ ಒಂದು ಸಾಲಿನ ಫೋಟೋ ಕಳಿಸುತ್ತೇನೆ.