ಅಮೆರಿಕದ ಕಾಲೇಜು ಫುಟ್‌ಬಾಲ್: ಸಮಬಲವಾದಾಗ ಏನು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು): ಅಲ್ಲಿ ಓದುತ್ತಿರುವ ಮಗಳಿಂದಾಗಿ ನನಗೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟದ ಗೀಳು ಹಿಡಿದಿದೆ. ಪಂದ್ಯ ಸಮವಾದರೆ ಎರಡೂ ತಂಡಗಳಿಗೆ ಎದುರಾಳಿಯ ಗೋಲು ಗೆರೆಗೆ 25 ಗಜ ದೂರದಿಂದ ದಾಳಿಯ ತಲಾ ಒಂದು ಸರದಿ ಸಿಗುತ್ತದೆ. ಆದರೆ 2021ರಿಂದ, ಮೂರನೆಯ ಹೆಚ್ಚುವರಿ ಸುತ್ತು ಬಂದೊಡನೆ, ಮೂರು ಗಜ ದೂರದಿಂದ ಚೆಂಡನ್ನು ಆ ಗೆರೆ ದಾಟಿಸಿ ಎರಡು ಅಂಕ ಗಳಿಸುವ ಒಂದೊಂದೇ ಪ್ರಯತ್ನ ಉಳಿಯುತ್ತದೆ. ಇದು ನ್ಯಾಯವೇ?

ಉತ್ತರ (ಮಂಡ್ಯ): ನ್ಯಾಯವೆಂದೇ ನನ್ನ ನಂಬಿಕೆ. 2018ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡವು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡವನ್ನು 74–72ರಿಂದ ಮಣಿಸಲು ಏಳು ಹೆಚ್ಚುವರಿ ಸುತ್ತುಗಳು ಬೇಕಾದವು. ದಣಿದ ವಿದ್ಯಾರ್ಥಿಗಳ ಮೈಗೆ ಅಷ್ಟು ಪೆಟ್ಟು ಬೀಳಬಾರದು. ಕಾಲೇಜು ಕಬಡ್ಡಿಯಲ್ಲಿ ನಮ್ಮ ಪಂದ್ಯವೊಂದು ಸಮವಾಗಿ ಐದೈದು ರೈಡ್‌ಗಳಿಗೆ ಹೋದಾಗ, ಬೆವರಿಗೆ ಜಾರಿ ಪಾದದ ಮೇಲೆ ಬಿದ್ದಿದ್ದ ಮೊಣಕಾಲು ಪಟ್ಟಿಯನ್ನು ಎಳೆದುಕೊಳ್ಳಲು ಬಗ್ಗುವ ಶಕ್ತಿಯೂ ನನ್ನಲ್ಲಿರಲಿಲ್ಲ.

ಉತ್ತರ (ಸರಸ್ವತಿಪುರಂ, ಮೈಸೂರು): ತಾವು ಹೇಳಿದ ದಣಿವನ್ನು ಒಪ್ಪುತ್ತೇನೆ. ಆದರೂ 2021ರಲ್ಲೇ ಇಲಿನಾಯ್ ತಂಡವು ಪೆನ್ ಸ್ಟೇಟ್ ವಿರುದ್ಧ 20–18ರಿಂದ ಗೆಲ್ಲಲು ಒಂಬತ್ತು ಸುತ್ತು ಹಿಡಿಯಿತು; ಮೂರರಿಂದ ಏಳನೆಯ ಸುತ್ತಿನವರೆಗೆ ಯಾರೂ ಅಂಕ ಗಳಿಸಲಿಲ್ಲ. ಲೀಗ್ ಪಂದ್ಯಗಳನ್ನು ಎರಡು ಸುತ್ತಿನ ಬಳಿಕ, 1996ಕ್ಕೆ ಮುಂಚಿನಂತೆ, ಸಮಬಲವೆಂದೇ ಬಿಡಬೇಕು.

ಪ್ರಶ್ನೆ ಕೇಳಿದವರು: ಈ ಸಲಹೆ ನನಗೂ ಹಿಡಿಸಿತು; ನಾಕೌಟ್ ಪಂದ್ಯಗಳಿಗೆ ಮಾತ್ರ ಈಗಿನ ನಿಯಮವಿರಲಿ.