ವಿಂಡೋಸ್, ಉಬುಂಟು ಎರಡಕ್ಕೂ ಒಂದೇ ಡ್ರೈವ್: ಎನ್‌ಟಿಎಫ್‌ಎಸ್ ಇರಲಾ, ಎಕ್ಸ್‌ಫ್ಯಾಟ್ ಮಾಡಲಾ?

ಆಲ್ಬಮ್ ಮಂಜ:
ಮದುವೆ ಆಲ್ಬಮ್ ಡಿಸೈನ್ ಮಾಡ್ತೀನಿ. ಲ್ಯಾಪ್‌ಟಾಪಲ್ಲಿ ವಿಂಡೋಸ್ 11, ಉಬುಂಟು (ಲಿನಕ್ಸ್) ಎರಡೂ ಇವೆ. ಫೋಟೋ ಇರೋ 200 ಜಿಬಿ ಡಿ ಡ್ರೈವ್ ಎನ್‌ಟಿಎಫ್‌ಎಸ್, ಅಂದ್ರೆ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವಿಂಡೋಸಿನ ಪದ್ಧತಿ. ಮೊನ್ನೆ ರಾತ್ರಿ ಉಬುಂಟುಲಿ ಕ್ಯಾಮೆರಾ ಕಾರ್ಡ್ ಕಾಪಿ ಮಾಡೋಕೆ ಹೋದ್ರೆ ಡಿ ಡ್ರೈವ್ ‘ರೀಡ್ ಓನ್ಲಿ’ ಅಂತು. ನೆಟ್ಟಲ್ಲಿ ಸಿಕ್ಕ ಯಾವುದೋ ಕಮಾಂಡ್ ಕೊಟ್ಟು ಬಲವಂತವಾಗಿ ಮೌಂಟ್ ಮಾಡಿ (ಡ್ರೈವ್ ತೆರೆದು) ಧಾರೆ ಫೋಟೋ ಎಲ್ಲಾ ಹಾಕಿದೆ. ಬೆಳಿಗ್ಗೆ ವಿಂಡೋಸಲ್ಲಿ ನೋಡ್ತೀನಿ, ಫೋಲ್ಡರೇ ಇಲ್ಲ! ಪುಣ್ಯಕ್ಕೆ ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ. ಫ್ರೆಂಡು ‘ಎಕ್ಸ್‌ಫ್ಯಾಟ್ ಮಾಡ್ಕೊ, ಅದೂ ಅಂಥದ್ದೇ ಇನ್ನೊಂದು ಪದ್ಧತಿ, ಎರಡರಲ್ಲೂ ಓಪನ್ ಆಗತ್ತೆ’ ಅಂತಾನೆ. ಮಾಡ್ಲಾ?

ಹಳೇ ಪೆಂಗ್ವಿನ್:
ಬೇಡಿ ಮಂಜಣ್ಣ. ತಪ್ಪು ಎನ್‌ಟಿಎಫ್‌ಎಸ್‌ದಲ್ಲ, ಫಾಸ್ಟ್ ಸ್ಟಾರ್ಟಪ್‌ದು, ಅಂದ್ರೆ ವಿಂಡೋಸ್ ಬೇಗ ಆನ್ ಆಗೋಕೆ ಇರೋ ಸೆಟ್ಟಿಂಗ್. ಅದು ಆನ್ ಇದ್ರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಆಫ್ ಆಗಲ್ಲ. ಕರ್ನಲ್ಲನ್ನ (ಸಿಸ್ಟಮ್ಮಿನ ತಿರುಳನ್ನ) ಡಿಸ್ಕಿಗೆ ಬರೆದಿಟ್ಟು ಮಲಗತ್ತೆ, ಡಿ ಡ್ರೈವಲ್ಲಿ ಏನೇನಿದೆ ಅನ್ನೋ ಲೆಕ್ಕವೂ ಅದರ ಜೊತೆಗೇ. ಅದು ಮಲಗಿದ್ದಾಗ ನೀವು ಉಬುಂಟುಯಿಂದ ಬರೆದಿರಿ. ಬೆಳಿಗ್ಗೆ ಎದ್ದು ಹಳೇ ಲೆಕ್ಕವನ್ನೇ ನಿಜ ಅಂದ್ಕೊಂಡು ನಿಮ್ಮ ಫೋಲ್ಡರ್ ನುಂಗಿತು. ಉಬುಂಟು ರೀಡ್ ಓನ್ಲಿ ಅಂದಿದ್ದೇ ಅದಕ್ಕೆ, ಪಾಪ. ‘ರೀಸ್ಟಾರ್ಟ್’ ಮಾಡಿ ಬಂದಾಗ ಈ ತೊಂದ್ರೆ ಇರಲ್ಲ. ಹಾಗಾಗಿ ಒಮ್ಮೊಮ್ಮೆ ಸರಿ ಇರತ್ತೆ, ಒಮ್ಮೊಮ್ಮೆ ಕೈಕೊಡತ್ತೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೀರಿ. ಆಮೇಲೆ ವಿಂಡೋಸಿಂದಲೇ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಮಾಡೋ ಟೂಲ್) ಓಡಿಸಿ. ಉಬುಂಟುವಿನ ಎನ್‌ಟಿಎಫ್‌ಎಸ್‌ಫಿಕ್ಸ್ ಅನ್ನೋ ಕಮಾಂಡ್ ಅದಕ್ಕೆ ಬದಲಿ ಅಲ್ಲ. ಎಕ್ಸ್‌ಫ್ಯಾಟಿಗೆ ಜರ್ನಲ್ಲೇ (ಡಿಸ್ಕಲ್ಲಿ ಆಗೋ ಬದಲಾವಣೆಗಳ ದಿನಚರಿ) ಇಲ್ಲ, ಕಾಪಿ ಮಧ್ಯೆ ಬ್ಯಾಟರಿ ಸತ್ರೆ ಏನಾಯ್ತು ಅಂತ ಅದಕ್ಕೂ ಗೊತ್ತಾಗಲ್ಲ. ಪೆನ್‌ಡ್ರೈವಿಗೆ ಓಕೆ, ಧಾರೆ ಫೋಟೋಗಲ್ಲ. 2021ರ ಕರ್ನಲ್ 5.15ರಿಂದ ಲಿನಕ್ಸಲ್ಲೇ ಎನ್‌ಟಿಎಫ್‌ಎಸ್ ಓದಿ ಬರೆಯೋ ಎನ್‌ಟಿಎಫ್‌ಎಸ್3 ಡ್ರೈವರ್ ಇದೆ, ಸ್ಪೀಡೂ ಚೆನ್ನಾಗಿದೆ. ಆದ್ರೆ ಯಾವ ಡ್ರೈವರ್ ಆದ್ರೂ ಫೋರ್ಸ್ ಮಾಡಿ ಮೌಂಟ್ ಮಾಡ್ಬೇಡಿ.

ಬೀಗ ಮರೆತವ:
ಇನ್ನೊಂದು ಎಚ್ಚರಿಕೆ: ಸಿ ಡ್ರೈವ್ ಮೇಲೆ ಬೀಗದ ಚಿತ್ರ ಇದೆಯಾ ನೋಡಿ. ಇದ್ರೆ ಬಿಟ್‌ಲಾಕರ್ (ಡ್ರೈವಿಗೆ ವಿಂಡೋಸ್ ಹಾಕೋ ಬೀಗ) ಆನ್ ಇದೆ ಅಂತ. ನಾನು ಬಯೋಸಲ್ಲಿ (ಲ್ಯಾಪ್‌ಟಾಪ್ ಆನ್ ಆಗೋವಾಗ ಬರೋ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೆಟ್ಟಿಂಗ್ ತೆಗೆದಿದ್ದೇ ತಡ, 48 ಅಂಕಿಯ ರಿಕವರಿ ಕೀ ಕೇಳ್ತು. ಕೀಯ ಸ್ಕ್ರೀನ್‌ಶಾಟ್ ಇತ್ತು ಸ್ವಾಮಿ, ಅದೇ ಸಿ ಡ್ರೈವಿನ ಡೆಸ್ಕ್‌ಟಾಪಲ್ಲಿ. ಪೇಪರ್ ಮೇಲೆ ಬರ್ಕೊಳ್ಳಿ.

ಆಲ್ಬಮ್ ಮಂಜ:
ಬೀಗ ಇದೆ! ಕೀ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡೆ. ಟಿಕ್ ತೆಗೆದು, ಚೆಕ್‌ಡಿಸ್ಕ್ ಮುಗಿಸಿ, ಉಬುಂಟುಯಿಂದ ಮತ್ತೆ ಕಾಪಿ ಮಾಡಿದೆ. 312 ಫೋಟೋ, ಎರಡೂ ಕಡೆ ಎಣಿಸಿದೆ. ವಿಂಡೋಸ್ ಆನ್ ಆಗೋದು ಸ್ವಲ್ಪ ನಿಧಾನ ಆಗಿದೆ, ಆಗ್ಲಿ ಬಿಡಿ. ಹಾರ್ಡ್‌ಡಿಸ್ಕಿಗೆ ಇನ್ನೊಂದು ಕಾಪಿ ಹೋಗೋ ತನಕ ಕಾರ್ಡ್ ಮುಟ್ಟಲ್ಲ.