ನಾಲ್ಕು ವಾದ್ಯಗಳಲ್ಲಿ ಒಂಟಿತನವನ್ನು ಕೇಳಿಸುವುದು ಹೇಗೆ?

ಒಂಟಿಕಮಾನು:
ಮೂರು ತಿಂಗಳು ಕಾಡಿನಂಚಿನ ಮನೆಯೊಂದರಲ್ಲಿ ಒಬ್ಬನೇ ಇದ್ದು, ಅಲ್ಲಿ ಕಿವಿಗೆ ಬಿದ್ದದ್ದನ್ನೇ ಆಧರಿಸಿ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಅದಕ್ಕಿಂತಲೂ ದೊಡ್ಡದಾದ, ಮಂದ್ರ ನಾದದ ಒಂದು ಚೆಲ್ಲೋಗಾಗಿ 12 ನಿಮಿಷಗಳ ರಚನೆಯೊಂದನ್ನು ಬರೆದಿದ್ದೇನೆ. ಪಿಟೀಲಿನ ಎರಡೂ ಭಾಗಗಳನ್ನು ನಾನೇ ಒಂದರ ಮೇಲೊಂದರಂತೆ ಧ್ವನಿಮುದ್ರಿಸಿ, ಉಳಿದೆರಡನ್ನು ಸ್ನೇಹಿತರಿಂದ ನುಡಿಸಿ ಕೇಳಿದಾಗ, ಏಕಾಂತದ ಸುಳಿವೇ ಇಲ್ಲದೆ ಸಾಕ್ಷ್ಯಚಿತ್ರದ ಹಿನ್ನೆಲೆ ಸಂಗೀತದಂತೆ ದಟ್ಟವಾಗಿ ಕೇಳಿಸಿತು. ಎರಡನೆಯ ಪಿಟೀಲು ಹಕ್ಕಿಯಂತೆ ಕೂಗುವ ಜಾಗವಂತೂ ನನಗೇ ನಗು ತರಿಸಿತು. ಲಯವನ್ನು ನಿಧಾನಗೊಳಿಸಿದೆ, ನಾದ ತಗ್ಗಿಸುವ ಮ್ಯೂಟ್ ಹಾಕಿದೆ, ಪ್ರಯೋಜನವಾಗಲಿಲ್ಲ. ಎಲ್ಲಿ ಎಡವಿದ್ದೇನೆ?

ಮಂದ್ರತಂತಿ:
ಮ್ಯೂಟ್ ಕುದುರೆಯ (ತಂತಿಗಳನ್ನು ಹೊತ್ತ ಪುಟ್ಟ ಮರದ ತುಂಡಿನ) ಭಾರವನ್ನು ಹೆಚ್ಚಿಸಿ ಮೇಲಿನ ಕಂಪನಗಳನ್ನು ತಗ್ಗಿಸುತ್ತದೆ. ಅದರಿಂದ ನಾದ ಮೆತ್ತಗಾಗುತ್ತದೆಯೇ ಹೊರತು ಒಂಟಿಯಾಗುವುದಿಲ್ಲ. ಒಂದು ಪ್ರಯೋಗ ಮಾಡಿ ನೋಡಿ. ಪಿಟೀಲಿನ ಎ ತಂತಿಯ ಮೇಲೆ ಬೆರಳೊತ್ತಿ, ಕೈಯನ್ನು ಸ್ವಲ್ಪ ಅಲುಗಿಸುತ್ತ ಡಿ ಸ್ವರವನ್ನು ನುಡಿಸಿರಿ. ಬಳಿಕ 196 ಹರ್ಟ್ಸ್‌ನ ಜಿ ತಂತಿಯನ್ನು ಅದರ ಉದ್ದದ ಮೂರನೆಯ ಒಂದು ಭಾಗದಲ್ಲಿ ಒತ್ತದೆ, ಬರೀ ಮುಟ್ಟಿ ಕಮಾನು ಎಳೆಯಿರಿ. 588 ಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅದೇ ಡಿ ಬರುತ್ತದೆ. ಮೊದಲನೆಯದರಲ್ಲಿ ಯಾರೋ ಮನುಷ್ಯರು ಇದ್ದಾರೆ, ಎರಡನೆಯದರಲ್ಲಿ ಇಲ್ಲ. ಅಲಾಸ್ಕಾದಲ್ಲಿ ದಶಕಗಳ ಕಾಲ ಬಾಳಿದ ಸಂಯೋಜಕ ಜಾನ್ ಲೂಥರ್ ಆಡಮ್ಸ್ 2011ರಲ್ಲಿ ಬರೆದ 'ದ ವಿಂಡ್ ಇನ್ ಹೈ ಪ್ಲೇಸಸ್' ಎಂಬ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ನಲ್ಲಿ ನಾಲ್ವರೂ ಒಮ್ಮೆಯೂ ತಂತಿಯನ್ನು ಒತ್ತುವುದಿಲ್ಲ. ಇಡೀ ರಚನೆ ಬೆರಳಿಡದ ಬರಿ ತಂತಿ ಹಾಗೂ ಹೀಗೆ ತಂತಿಯನ್ನು ಬರೀ ಮುಟ್ಟಿದಾಗ ಹುಟ್ಟುವ ಸಹಜ ಹಾರ್ಮೋನಿಕ್‌ಗಳ ಮೇಲೆಯೇ ನಿಂತಿದೆ. ಹಕ್ಕಿಯನ್ನು ಮಾತ್ರ ದಯವಿಟ್ಟು ತೆಗೆದುಬಿಡಿ.

ಹಳೇಪಿಟೀಲು:
ಹಕ್ಕಿಯ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. 1725ರಲ್ಲಿ ಪ್ರಕಟವಾದ ಇಟಲಿಯ ಸಂಯೋಜಕ ವಿವಾಲ್ಡಿಯ 'ವಸಂತ' ಎಂಬ ಪಿಟೀಲು ಕೃತಿಯ ನಿಧಾನಗತಿಯ ಭಾಗವನ್ನು ಸ್ವರಲಿಪಿ ಎದುರಿಗಿಟ್ಟುಕೊಂಡು ಕೇಳಿರಿ. ಏಕವಾದಕನ ಪಿಟೀಲು ಮಲಗಿರುವ ಮೇಕೆ ಕಾಯುವವನು, ಉಳಿದ ಪಿಟೀಲುಗಳು ಎಲೆಗಳ ಮರ್ಮರ, ಒಂದೇ ಸ್ವರವನ್ನು ಎರಡೆರಡು ಬಾರಿ ಗಟ್ಟಿಯಾಗಿ ಒದರುವ ವಿಯೋಲಾ ಬೊಗಳುವ ನಾಯಿ. ಅನುಕರಣೆ ಇದಕ್ಕಿಂತ ನೇರವಾಗಿರಲು ಸಾಧ್ಯವಿಲ್ಲ, ಆದರೂ ನಗು ಬರುವುದಿಲ್ಲ. ಏಕೆಂದರೆ ನಾಯಿ ಆರಂಭದಿಂದ ಕೊನೆಯವರೆಗೆ ಬೊಗಳಿದರೂ ಮಲಗಿದವನು ಏಳುವುದಿಲ್ಲ, ಎಲೆಗಳ ಸದ್ದೂ ಬದಲಾಗುವುದಿಲ್ಲ. ಚೆಲ್ಲೋದಂತಹ ಮಂದ್ರವಾದ್ಯಗಳಂತೂ ಆ ಭಾಗವಿಡೀ ಸುಮ್ಮನಿರುತ್ತವೆ, ಹಾಗಾಗಿ ಕಾಲಡಿ ನೆಲವೇ ಇಲ್ಲದಂತಾಗುತ್ತದೆ. ನಿಮ್ಮ ಹಕ್ಕಿ ಕೂಗಿದ ಕೂಡಲೇ ಮೊದಲನೆಯ ಪಿಟೀಲು ಅದಕ್ಕೆ ಉತ್ತರ ಕೊಡುತ್ತಿರಬೇಕೆಂದು ನನ್ನ ಊಹೆ. ಹಾಗಿದ್ದರೆ ಉತ್ತರವನ್ನು ಅಳಿಸಿ, ಹಕ್ಕಿಯನ್ನು ಉಳಿಸಿಕೊಳ್ಳಿ.

ಮೈಕ್‌ಮನೆ:
ಧ್ವನಿಮುದ್ರಣದ ಬಗ್ಗೆ ಒಂದೇ ಮಾತು. ಅದೇ ವಾದ್ಯ, ಅದೇ ಕೈ, ಮೈಕಿನಿಂದ ಅದೇ ದೂರ ಎಂದಾದಾಗ ಎರಡು ಪದರಗಳು ಒಂದರೊಳಗೊಂದು ಕರಗಿ ದಪ್ಪ ನಾದವಾಗುತ್ತವೆ. ಎರಡನೆಯದನ್ನು ಕೋಣೆಯ ಆಚೆ ತುದಿಯಲ್ಲಿ, ಸಾಧ್ಯವಾದರೆ ಮೈಕಿಗೆ ಬೆನ್ನು ಹಾಕಿ ನುಡಿಸಿರಿ.

ಒಂಟಿಕಮಾನು:
ಹಳೇಪಿಟೀಲು ಅವರ ಊಹೆ ನಿಜ. ಪ್ರತಿ ಕೂಗಿಗೂ ಎರಡನೆಯ ತಾಳದಲ್ಲೇ ಉತ್ತರ ಬರೆದಿದ್ದೆ. ಅವನ್ನೆಲ್ಲ ಅಳಿಸಿ, ಮೊದಲನೆಯ ಪಿಟೀಲಿಗೆ ಜಿ ತಂತಿಯ ಆ ಡಿಯೊಂದನ್ನೇ ಉಳಿಸಿದೆ. ನಿನ್ನೆ ರಾತ್ರಿ ಕೇಳಿದಾಗ ಹಕ್ಕಿ ನಗು ತರಿಸಲಿಲ್ಲ. ಚೆಲ್ಲೋ ಈಗ ಮೊದಲ ಏಳು ನಿಮಿಷ ನುಡಿಸುವುದೇ ಇಲ್ಲ. ಇದನ್ನು ಚೆಲ್ಲೋ ನುಡಿಸುವ ಸ್ನೇಹಿತನಿಗೆ ಇನ್ನೂ ತಿಳಿಸಿಲ್ಲ.